ಅಟ್ಟದ ಮೇಲಿದ್ದ ಕುರಿ ಹಾಡು

ಹುಳಿಯಾರು ಕಡೆಯ ಗೊಲ್ಲರಹಟ್ಟಿಯ ವನಜಾ ತಿಪಟೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳ ಅಜ್ಜಿ ಕಾಟಮ್ಮ ತೀರಿಕೊಂಡ ಮರುವರ್ಷ, ಎರಡು ಸಾವಿರದ ಎರಡರಲ್ಲಿ, ಹಟ್ಟಿಯ ಹೆಂಗಸರು ವನಜಾಳ ಅವ್ವ ಭೈರಮ್ಮನನ್ನು ಕೂರಿಸಿಕೊಂಡು ಕಾಟಮ್ಮನ ಕುರಿ ಹಾಡು ಹೇಳೆಂದು ಹಿಡಿದರು. ಭೈರಮ್ಮ ನಾಲ್ಕು ಸೊಲ್ಲು ಹಾಡಿ ನಿಂತುಬಿಟ್ಟಳು. ಮುಂದಿನದು ನಾಲಗೆಗೆ ಬರಲೇ ಇಲ್ಲ.

"ಅವ್ವ ಇರ್ತಾಳಲ್ಲ ಅಂತ ಕಲೀನೇ ಇಲ್ಲ ಕಣೇ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಬಸ್ಸಿನಲ್ಲಿ ತಿಪಟೂರಿಗೆ ವಾಪಸಾಗುವಾಗ ವನಜಾಳಿಗೆ ಹೈಸ್ಕೂಲು ನೆನಪಾಯಿತು. ಕರಿಬಸವಯ್ಯ ಮೇಷ್ಟ್ರು, ಟೀವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರಿನ ಮುಂದೆ ಕೂರಿಸಿ, ತೋಚಿದ್ದು ಬರೆಯಲು ಬಿಡುತ್ತಿದ್ದರು. ಅವಳು ಅಜ್ಜಿಯ ಹಾಡುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಫ್ಲಾಪಿಗಳಲ್ಲಿ ಉಳಿಸಿಟ್ಟಿದ್ದಳು.

ಮರುದಿನವೇ ದಬ್ಬೇಘಟ್ಟದಲ್ಲಿದ್ದ ಮೇಷ್ಟ್ರ ಮನೆಗೆ ಹೋಗಿ ಆ ಕಂಪ್ಯೂಟರ್ ಏನಾಯಿತೆಂದು ಕೇಳಿದಳು. ನಿವೃತ್ತರಾಗಿದ್ದ ಮೇಷ್ಟ್ರು ನಕ್ಕರು. "ಸ್ಕೂಲಿನೋರು ಗುಜರಿಗೆ ಹಾಕ್ತಿದ್ರು. ಮನಸ್ಸು ತಡೀಲಿಲ್ಲ, ನಾನೇ ತಂದಿಟ್ಕೊಂಡೆ. ಅಟ್ಟದ ಮೇಲೈತೆ, ಹತ್ತಿ ನೋಡಮ್ಮ."

ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿ. ಕಾಯಿ ಸರಿಸಿ ಸರಿಸಿ ಮೂಲೆಯಲ್ಲಿದ್ದ ಯಂತ್ರವನ್ನೂ ಫ್ಲಾಪಿಗಳ ಡಬ್ಬಿಯನ್ನೂ ಇಳಿಸಿದಳು. ಅಗಲವಾದ ಹಳೆಯ ಫ್ಲಾಪಿಗಳು. ಒಂದೊಂದರ ಮೇಲೂ ಬಿಳಿ ಬೂಷ್ಟು. ಅವಳ ಇನ್‌ಸ್ಟಿಟ್ಯೂಟಿನ ಹೊಸ ಕಂಪ್ಯೂಟರುಗಳ ಬಾಯಿಗೆ ಅವು ಹಿಡಿಸುತ್ತಲೇ ಇರಲಿಲ್ಲ. ಓದಿದರೆ ಈ ಹಳೇ ಯಂತ್ರವೇ ಓದಬೇಕು.

ತುರುವೇಕೆರೆಯಿಂದ ಟೀವಿ ರಿಪೇರಿಯ ತಿಮ್ಮರಾಜುವನ್ನು ಕರೆಸಿದಳು. ಸ್ವಿಚ್ಚು ಒತ್ತಿದ್ದೇ ತಡ, ಪಟ್ ಎಂದು ಸದ್ದಾಗಿ ದಟ್ಟ ಹೊಗೆ ಎದ್ದಿತು. ತಿಮ್ಮರಾಜು ಪ್ಲಗ್ಗು ಕಿತ್ತು ಹಿಂದೆ ಸರಿದ.

"ಬುಡಕ್ಕ, ಇದರ ಕತೆ ಮುಗೀತು."

"ಹೊಗೆ ತಾನೇ ಬಂದಿದ್ದು? ಬಿಚ್ಚು, ಸುಟ್ಟಿರೋದು ಯಾವುದು ನೋಡಾಣ."

ಸುಟ್ಟಿದ್ದು ಒಂದೇ ಒಂದು ಕೆಪಾಸಿಟರ್. ತಿಮ್ಮರಾಜು ಬೇರೆಯದನ್ನು ಹಾಕಿ ಬೆಸುಗೆ ಮಾಡಿದ. ಈ ಸಲ ಟೀವಿಯ ಮೇಲೆ ಅಕ್ಷರ ಮೂಡಿದವು. ಆದರೆ ಫ್ಲಾಪಿ ತೂರಿಸಿದೊಡನೆ ಕರ್ರೆಂದು ಕೆರೆಯುವ ಸದ್ದು. ಬೂಷ್ಟು ಉಜ್ಜಿ ಬರಹವೇ ಕಿತ್ತುಬರುತ್ತದೆಂದು ಹೆದರಿ ವನಜಾ ಥಟ್ಟನೆ ಹೊರಗೆಳೆದಳು.

ಯೋಚಿಸಿ, ಒಂದು ಖಾಲಿ ಫ್ಲಾಪಿಯ ಅಂಚನ್ನು ಬ್ಲೇಡಿನಿಂದ ಸೀಳಿ, ಒಳಗಿನ ಕಂದು ಬಿಲ್ಲೆ ಹೊರತೆಗೆದು ಸೋಪಿನ ನೀರಿಗೆ ಇಳಿಸಿದಳು.

"ಅಯ್ಯೋ, ನೀರಲ್ಲಿ ಅದ್ದುತೀಯೇನಮ್ಮ!" ಮೇಷ್ಟ್ರು ಕೂಗಿಕೊಂಡರು.

"ಇದರಲ್ಲಿ ಏನೂ ಇಲ್ಲ ಮೇಷ್ಟ್ರೇ. ಮೊದಲು ಇದು ಉಳೀತದಾ ನೋಡ್ತೀನಿ."

ಬಿಲ್ಲೆಯ ಲೇಪ ಕಿತ್ತುಬರಲಿಲ್ಲ; ಅದು ಉಳಿಯಿತು. ಆಮೇಲೆ ಹಾಡಿನ ಫ್ಲಾಪಿಯನ್ನು ಕೈಗೆತ್ತಿಕೊಂಡಳು. ಬೆರಳ ತುದಿಯಿಂದ ಮೆಲ್ಲಗೆ ಬೂಷ್ಟು ತೊಳೆದು, ನೆರಳಲ್ಲಿ ಆರಿಸಿ, ಚೊಕ್ಕಟವಾದ ಇನ್ನೊಂದು ಕವಚಕ್ಕೆ ಸೇರಿಸಿದಳು. ಡ್ರೈವು ಗುರುಗುಟ್ಟಿತು. ತೆರೆಯ ಮೇಲೆ ಹಾಡು ಸಾಲುಸಾಲಾಗಿ ಇಳಿಯಿತು, ಅರ್ಧಕ್ಕೆ ನಿಂತಿತು. ಸ್ಪಿರಿಟ್ಟು ಹಚ್ಚಿ ಡ್ರೈವು ಒರೆಸಿದಳು, ಮತ್ತೆ ತೊಳೆದಳು. ಅದೇ ಜಾಗದಲ್ಲಿ ಮತ್ತೆ ನಿಂತಿತು. ಅಲ್ಲಿಂದಾಚೆಗಿನದು ಅಳಿಸಿಹೋಗಿತ್ತು.

ಸಿಕ್ಕಷ್ಟಾದರೂ ಅವ್ವ ಕೇಳಲಿ ಎಂದು ಭಾನುವಾರ ಭೈರಮ್ಮನನ್ನು ದಬ್ಬೇಘಟ್ಟಕ್ಕೆ ಕರೆತಂದಳು. ವನಜಾ ಟೀವಿಯ ಮುಂದೆ ಕೂತು, ಅವ್ವ ಮರೆತಿದ್ದ ಕಡೆಯಿಂದ ಓದಿದಳು: "ಹಾಲು ಹಟ್ಟಿ ಬಾಗಿಲಾಗೆ ಕರಿಯ ಕುರಿಯು ಕೂಗುತೈತೆ..."

"ಹಾಲಲ್ಲ ಕಣೇ, ಹಾಳು!" ಭೈರಮ್ಮ ರೇಗಿದಳು. "ಜನ ಬಿಟ್ಟುಹೋದ ಹಟ್ಟಿ ಅದು. ಹಾಲಿದ್ದಿದ್ರೆ ಕುರಿ ಯಾಕೆ ಕೂಗ್ತಿತ್ತು?"

ಇಂಗ್ಲಿಷ್ ಅಕ್ಷರಕ್ಕೆ ಲ-ಳ ಭೇದ ತಿಳಿದಿರಲಿಲ್ಲ. ವನಜಾ ತಿದ್ದಿ ಓದಿದಳು. ಭೈರಮ್ಮ ಬಾಯೊಳಗೇ ರಾಗ ಹಿಡಿದಳು. ಓದು ನಿಂತಿತು; ಭೈರಮ್ಮ ನಿಲ್ಲಲಿಲ್ಲ.

"ಮೇವ ಕಂಡ ಒಡೆಯ ಬಂದು ಹೆಗಲ ಮ್ಯಾಲೆ ಹೊತ್ತುಕೊಂಡ..."

ತೆರೆಯ ಮೇಲಿಲ್ಲದ ಸಾಲುಗಳು ಒಂದರ ಹಿಂದೊಂದು ಬಂದವು. ಕೊನೆ ಸೊಲ್ಲು ಮುಗಿಸಿ, ತಾನೇ ಹಾಡಿದೆನೇ ಎಂಬಂತೆ ಮಗಳ ಮುಖ ನೋಡಿದಳು. ವನಜಾ ಅವ್ವನ ಕೈ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳವ್ವ, ಬರ್ಕೊತೀನಿ."

ಡಬ್ಬಿಯಲ್ಲಿ ಇನ್ನೂ ಫ್ಲಾಪಿಗಳಿದ್ದವು. ಮೇಷ್ಟ್ರ ಅಪ್ಪಣೆ ಪಡೆದು ಯಂತ್ರವನ್ನು ತಿಪಟೂರಿಗೆ ಸಾಗಿಸಿದಳು. ಆಮೇಲಿನ ಭಾನುವಾರಗಳಲ್ಲಿ ಒಂದೊಂದನ್ನೇ ತೊಳೆಯುತ್ತ ಹೋದಳು. ಕೆಲವು ಬಾಯಿ ಬಿಟ್ಟವು, ಕೆಲವು ಬಿಡಲೇ ಇಲ್ಲ. ಬಿಡದಿದ್ದವನ್ನು ಅವಳು ಎಸೆಯಲಿಲ್ಲ. ಬೇರೆ ಡ್ರೈವು ಸಿಕ್ಕರೆ ಮತ್ತೊಮ್ಮೆ ನೋಡೋಣವೆಂದು ತೆಗೆದಿಟ್ಟಳು.