ಗ್ಯಾಲರಿ ಅಕ್ಕನ ಕಣ್ಣು

ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ಬಿಸಿನೀರಿಗೆ ಚಿಟಿಕೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುವುದನ್ನು ಗ್ಯಾಲರಿ ಅಕ್ಕ ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರ ಬಂದರೂ ಸರಿ, ತಂಗಿ ತೀರಿಕೊಂಡ ಮರುದಿನವೂ ಸರಿ. ಅವಳಿದ್ದ ನಾಟಕ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಈಗ ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಾಳೆ. ಆ ಕೆಲಸಕ್ಕೆ ಬೆರಳು ಬೇಕು, ಗಂಟಲು ಬೇಡ.

“ಇವತ್ತು ಯಾವ ನಾಟಕ ಅಕ್ಕಾ?” ಎಂದು ಪಕ್ಕದ ಮನೆಯವಳು ನಲ್ಲಿಯ ಹತ್ತಿರ ಕೆಣಕುತ್ತಾಳೆ.

“ಯಾರಿಗ್ಗೊತ್ತು ಕಣೇ? ಕರೆಯೋಕೆ ಬಂದವರ ಹತ್ರ ಗಂಟಲು ಕಟ್ಟಿದೆ, ನಾಳೆ ಬನ್ನಿ ಅನ್ನೋಕಾಗುತ್ತಾ?”

ರಂಗದ ಮೇಲೆ ಅವಳ ಕಾಲ ನಡೆಯುತ್ತಿದ್ದಾಗ, ಗಯ್ಯಾಳಿ ಅತ್ತೆಯಾಗಿ ಅವಳು ಸೆರಗು ಸಿಕ್ಕಿಸಿಕೊಂಡು ಬಂದರೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು. “ಮೇಲೆ ಗ್ಯಾಲರಿಯ ಕೊನೆಯಲ್ಲಿ ಕೂತವನೂ ನಿನ್ನನ್ನೇ ನೋಡೋಕೆ ಬಂದಿದ್ದಾನೆ. ಅವನ ಮುಖ ನೋಡಿ ಮಾತಾಡು” ಎಂದು ಕಂಪನಿಯ ಯಜಮಾನರು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಆ ಪಾಠ ಅವಳ ರಕ್ತಕ್ಕೆ ಇಳಿದಿತ್ತು.

ಅವಳ ಹೆಸರು ಕೇಳಿ ಸಿನಿಮಾದವರು ಬಂದರು. ದೊಡ್ಡ ಬ್ಯಾನರು, ಮನೆಮನೆಯಲ್ಲೂ ಓದಿದ್ದ ಕಾದಂಬರಿ. ಆದರೆ ಕೊಟ್ಟದ್ದು ಅತ್ತೆಯ ಪಾತ್ರವಲ್ಲ, ಕೆಮ್ಮುತ್ತ, ಸಹಿಸುತ್ತ, ಕೊನೆಗೆ ಗಂಡನ ತೊಡೆಯ ಮೇಲೆ ಪ್ರಾಣ ಬಿಡುವ ಸೊಸೆಯ ಪಾತ್ರ. ಜನ ಅವಳನ್ನು ನೋಡಲು ಬರುತ್ತಾರೆ, ಆದ್ದರಿಂದ ಅವಳೇ ನಾಯಕಿಯಾಗಬೇಕು ಎಂಬುದು ನಿರ್ಮಾಪಕರ ಲೆಕ್ಕಾಚಾರ. ಕ್ಯಾಮೆರಾ ಕೈಗೆಟಕುವಷ್ಟು ಹತ್ತಿರ ನಿಂತಿತ್ತು. ಅಕ್ಕನ ಕಣ್ಣು ಅದರ ನೆತ್ತಿಯನ್ನು ದಾಟಿ ಎಲ್ಲೋ ಮೇಲಕ್ಕೆ ಹೋಗುತ್ತಿತ್ತು.

ಮೊದಲ ಪ್ರದರ್ಶನಕ್ಕೆ ಕಂಪನಿಯ ಹೆಂಗಸರೆಲ್ಲ ಬಂದಿದ್ದರು. ಸಾಯುವ ದೃಶ್ಯದಲ್ಲಿ ಗಂಡ ಕೈ ಹಿಡಿದು ಅಳುತ್ತಿದ್ದರೆ, ಹೆಂಡತಿ ಮೇಲಿನ ಮೂಲೆ ನೋಡುತ್ತ ವಿದಾಯ ಹೇಳುತ್ತಿದ್ದಳು. ಮುಂದೆ ಕೂತಿದ್ದ ಕೆಲವರು ಅಲ್ಲೇನಿದೆ ಎಂದು ತಿರುಗಿಯೂ ನೋಡಿದರು. “ಸಾಯೋವಾಗಲೂ ಗ್ಯಾಲರಿ ಎಣಿಸ್ತಾ ಇದಾಳಲ್ಲಪ್ಪೋ!” ಎಂದು ಯಾರೋ ಕೂಗಿದರು. ಇಡೀ ಥಿಯೇಟರು ನಕ್ಕಿತು. ಅವಳು ಎದ್ದು ಹೋಗದೆ ಚಿತ್ರ ಮುಗಿಯುವವರೆಗೆ ಕೂತಿದ್ದಳು. ಅಂದಿನಿಂದ ಅವಳು ಗ್ಯಾಲರಿ ಅಕ್ಕ.

ಹಾಡುಗಳ ದೆಸೆಯಿಂದ ಚಿತ್ರ ಉಳಿದುಕೊಂಡಿತು, ಈಗ ಅದನ್ನು ಹಳೆಯ ಮೇರುಕೃತಿ ಎನ್ನುತ್ತಾರೆ. ತಂಗಿಯ ಮಗಳು ಸಿನಿಮಾ ಎಡಿಟಿಂಗ್ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಸಂಜೆ ಮುಖ ಊದಿಸಿಕೊಂಡು ಮನೆಗೆ ಬಂದಳು.

“ನಿನ್ನ ಆ ಹಳೇ ಚಿತ್ರ ನೋಡಿ ನಮ್ಮ ಕೋಣೆಯವನೊಬ್ಬ, ಎಲ್ಲಾ ಚೆನ್ನಾಗಿದೆ, ಆಯಮ್ಮ ಒಬ್ಬಳೇ ಕೆಡಿಸಿದಳು ಅಂದ ದೊಡ್ಡಮ್ಮಾ. ಚೆನ್ನಾಗಿ ಬೈದು ಬಂದೆ.”

“ಬೈದದ್ದು ಯಾಕೆ? ಅವನು ಸುಳ್ಳು ಹೇಳಿದ್ನಾ?”

ಹುಡುಗಿ ತಟ್ಟೆ ಎಳೆದುಕೊಂಡು ಕೂತಳು. ಅಕ್ಕ ಅವಳ ತಟ್ಟೆಗೆ ಅನ್ನ ಬಡಿಸುತ್ತ, “ಒಂದೇ ಒಂದು ಸಲ ಕ್ಯಾಮೆರಾನ ನೆಟ್ಟಗೆ ನೋಡಿ ಮೆತ್ತಗೆ ಮಾತಾಡಬೇಕು ಕಣೆ. ಆಮೇಲೆ ಏನು ಬೇಕಾದ್ರೂ ಅನ್ನಲಿ” ಎಂದಳು.

ಆ ಮಾತನ್ನು ಹುಡುಗಿ ಮರೆಯಲಿಲ್ಲ. ಪರಿಚಯದ ನಿರ್ದೇಶಕಿಯೊಬ್ಬಳು ಸಣ್ಣ ಚಿತ್ರ ಮಾಡುತ್ತಿದ್ದಾಳೆಂದು ತಿಳಿದು ಅವಳನ್ನು ಮನೆಗೇ ಕರೆತಂದಳು. ನಿರ್ದೇಶಕಿಯ ಬಳಿ ವಯಸ್ಸಾದವರ ಪಾತ್ರ ಎರಡಿದ್ದವು.

“ಜಗಳಗಂಟಿ ಮನೆ ಒಡತಿ ಇದಾಳಮ್ಮ. ನಿಮಗೆ ನೀರು ಕುಡಿದಷ್ಟು ಸುಲಭ.”

“ಇನ್ನೊಂದು ಯಾವುದು?”

“ಬಿಟ್ಟು ಹೋಗ್ತಿರೋ ಸೊಸೆಯನ್ನ ಕ್ಷಮಿಸೋ ಅತ್ತೆ. ಅಡುಗೆಮನೇಲಿ ಕೂತು, ಸೊಸೆ ಜಾಗದಲ್ಲಿರೋ ಕ್ಯಾಮೆರಾ ನೋಡಿ, ಪಿಸುಮಾತಿನ ಹಾಗೆ...”

“ಅದನ್ನ ಕೊಡು ತಾಯಿ. ಜಗಳ ನನಗೆ ಬರುತ್ತೆ.”

ಕಾರ್ಖಾನೆಯಿಂದ ಬಂದ ಮೇಲೆ ದಿನಾ ಅಭ್ಯಾಸ. ಹುಡುಗಿ ಪಾತ್ರೆಯ ಮುಚ್ಚಳವನ್ನು ಕ್ಯಾಮೆರಾದಂತೆ ಮುಖದೆದುರು ಹಿಡಿಯುತ್ತಿದ್ದಳು.

“ದೊಡ್ಡಮ್ಮಾ, ಮತ್ತೆ ಗಡಿಯಾರ ನೋಡಿದೆ!”

“ಟೈಮ್ ಎಷ್ಟಾಯ್ತು ಅಂತ ನೋಡಿದೆ ಕಣೆ.”

“ಸೊಸೆ ಮನೆ ಬಿಟ್ಟು ಹೋಗ್ತಿದಾಳೆ, ನಿನಗೆ ಟೈಮ್ ಬೇಕಾ?”

ಮಲಗುವ ಮುಂಚೆ ಅಕ್ಕ ದೇವರ ಹತ್ತಿರ ಒಂದೇ ಬೇಡುತ್ತಿದ್ದಳು. ಪಾತ್ರ ಕೊಟ್ಟೆ, ಸಂತೋಷ. ಇನ್ನು ನನ್ನ ಕಣ್ಣನ್ನೊಂದು ಕೆಳಗಿಳಿಸಪ್ಪಾ. ಕೇಳಿದ್ದೆಲ್ಲ ಅವನು ಕೇಳಿದ ಕೂಡಲೇ ಕೊಡುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೇ ಮರುದಿನ ಸಂಜೆ ಮತ್ತೆ ಮುಚ್ಚಳ ಹಿಡಿಸುತ್ತಿದ್ದಳು.

ಚಿತ್ರೀಕರಣದ ದಿನ ಬಾಡಿಗೆ ಮನೆಯೊಂದರ ಇಕ್ಕಟ್ಟಾದ ಅಡುಗೆಮನೆಯಲ್ಲಿ ದೀಪಗಳ ಕಾವಿಗೆ ಎಲ್ಲರೂ ಬೆವರುತ್ತಿದ್ದರು. ಮೊದಲ ಸಲ ಅಕ್ಕನ ಕಣ್ಣು ಶುರುವಿಗೇ ಮೇಲಕ್ಕೆ ಹಾರಿತು. ಎರಡನೇ ಸಲ ಕ್ಯಾಮೆರಾದ ಮೇಲೆ ನೆಟ್ಟಗೆ ನಿಂತಿತು. ಹುಡುಗಿ ಬಾಗಿಲ ಬಳಿ ಉಸಿರು ಬಿಗಿಹಿಡಿದಳು. ಕೊನೆಯ ಮಾತು, “ಬೇಜಾರಾದ್ರೆ ವಾಪಸ್ ಬಾ ಮಗಳೇ”, ಬಾಯಿಗೆ ಬರುತ್ತಿದ್ದ ಹಾಗೇ ಕಣ್ಣು ಮತ್ತೆ ತೊಲೆಯ ಕಡೆಗೆ ಏರಿತು. ದೀಪ ಹಿಡಿದಿದ್ದವನೂ ಕತ್ತೆತ್ತಿ ತೊಲೆ ನೋಡಿದ.

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿ ಅನ್ನಿಸಿರಬೇಕು ಅಕ್ಕನಿಗೆ.

ನಿರ್ದೇಶಕಿ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತಳು. “ಅಮ್ಮಾ, ಸುಸ್ತಾಗಿದೀರಿ. ಕ್ಯಾಮೆರಾನ ನಿಮ್ಮ ಬೆನ್ನ ಹಿಂದೆ ಇಡ್ತೀನಿ, ಸೊಸೆ ಮುಖ ಮಾತ್ರ ಕಾಣುತ್ತೆ. ನಿಮ್ಮ ದನಿ ಬಂಗಾರ, ಅಷ್ಟು ಸಾಕು. ಯಾರಿಗೂ ಏನೂ ತಿಳಿಯಲ್ಲ.”

ಹುಡುಗಿ ಒಪ್ಪಿಕೋ ಎಂಬಂತೆ ದೂರದಿಂದಲೇ ತಲೆಯಾಡಿಸಿದಳು.

ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡು ಮಣೆಯನ್ನು ಸರಿಮಾಡಿಕೊಂಡು ಕೂತಳು. “ಬೇಡ ತಾಯಿ. ನಿನ್ನ ಮನಸ್ಸು ದೊಡ್ಡದು, ಆದ್ರೆ ಜನಕ್ಕೆ ಬೆನ್ನು ತೋರಿಸಿ ನನಗೆ ಅಭ್ಯಾಸ ಇಲ್ಲ. ಕ್ಯಾಮೆರಾನ ಮುಖದ ಮುಂದೇನೇ ಇಡು” ಎಂದು ತನ್ನ ಮೂಗಿನಿಂದ ಗೇಣುದ್ದ ಆಚೆಗೆ ಕೈಯಿಟ್ಟು ತೋರಿಸಿದಳು. “ಇಲ್ಲಿ.”