ಕರೆಂಟು ಹೋದಾಗ ಬರುತ್ತಿದ್ದ ಕಥೆ ಮೇಷ್ಟ್ರು

ಮೇಷ್ಟ್ರ ಎಡಗಣ್ಣಿನ ಹುಬ್ಬು ಬಲಗಣ್ಣಿನದಕ್ಕಿಂತ ಅರ್ಧ ಬೆರಳು ಮೇಲಿತ್ತು. ಚಿಕ್ಕವರಿದ್ದಾಗ ಗಾಡಿಯಿಂದ ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರಂತೆ, ಚರ್ಮ ಎಳೆದುಕೊಂಡು ಹಾಗೇ ನಿಂತುಬಿಟ್ಟಿತ್ತು. ಹೀಗಾಗಿ ಯಾರು ಏನು ಹೇಳಿದರೂ ಅವರು ನಂಬದವರ ಹಾಗೆ ಕಾಣುತ್ತಿದ್ದರು. ಮೊದಲ ದಿನ ನಾನು ಅದನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು, "ಇದು ಹೊಲಿಗೆ ಕಣಮ್ಮ, ನನ್ನ ಗುಣ ಅಲ್ಲ" ಅಂದರು. ನಾನು ಅದನ್ನೂ ನಂಬಲಿಲ್ಲ.

ನಂಬದಿರುವುದು ನನಗೆ ಹುಟ್ಟಿನಿಂದ ಬಂದದ್ದು. ಸಂತೆಯಲ್ಲಿ ಟೊಮೆಟೊ ಕೊಂಡರೆ ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಅವನು ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಕೇಳುತ್ತೇನೆ. ನಿನ್ನ ಜೊತೆ ಸಂಸಾರ ಮಾಡುವುದೂ ಒಂದೇ, ಪೊಲೀಸ್ ಸ್ಟೇಷನ್ನಿನಲ್ಲಿ ಕೂತಿರುವುದೂ ಒಂದೇ ಎಂದು ನಮ್ಮ ಮನೆಯವರು ರೇಗಿಸುತ್ತಾರೆ. ಅವರು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸರಕು ಸಾಗಿಸುವ ಗಾಡಿ ಓಡಿಸುತ್ತಾರೆ, ದಿನಾ ಗೇಟಿನಲ್ಲಿ ತಪಾಸಣೆ ಮಾಡಿಸಿಕೊಂಡು ಅಭ್ಯಾಸವಿದೆ. ಅದಕ್ಕೇ ನನ್ನ ಜೊತೆ ಬಾಳುತ್ತಿದ್ದಾರೆ ಅಂತ ಕಾಣುತ್ತದೆ.

ಆಗ ನಾನು ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಯೇ ಕಂಡಿಕೆ. ನಮ್ಮ ಬೀದಿಯ ತುಂಬ ಕರೆಂಟಿನ ಮಗ್ಗಗಳು. ಬೆಳಿಗ್ಗೆ ಶುರುವಾದರೆ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚದೆ ಒಂದು ಮಾತೂ ಕೇಳಿಸದು. ಅದೇ ಅಭ್ಯಾಸವಾಗಿ ಮನೆಯಲ್ಲೂ ಕಿರುಚುತ್ತೇವೆ, ಮದುವೆ ಮನೆಯಲ್ಲೂ ಕಿರುಚುತ್ತೇವೆ. ಹೊರಗಿನವರು ನಮ್ಮನ್ನು ಜಗಳಗಂಟರು ಅಂದುಕೊಳ್ಳುತ್ತಾರೆ. ಊರಿಗೆ ಊರೇ ಮೌನವಾಗುವುದು ಕರೆಂಟು ಹೋದಾಗ ಮಾತ್ರ.

ಮೇಷ್ಟ್ರು ಬರುತ್ತಿದ್ದುದು ಆಗಲೇ. ರಿಪೇರಿಗೆಂದು ಕರೆಂಟು ತೆಗೆಯುವ ದಿನ ಮುಂಚೆಯೇ ಪೇಪರಿನಲ್ಲಿ ಬರುತ್ತದಲ್ಲ, ಅದಕ್ಕೆ ಗುರುತು ಹಾಕಿಕೊಂಡು, ಕಾಲು ಗಂಟೆ ಮೊದಲೇ ಬಾಗಿಲಲ್ಲಿ ಹಾಜರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಕಂದು ಕಾಗದದ ರಟ್ಟು ಹಾಕಿದ ಇಂಗ್ಲಿಷ್ ಪುಸ್ತಕ, ಫೋನು, ಮಡಿಸಿದ ಟವಲು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ನೂರು ವರ್ಷ ಹಳೆಯ ಅಮೆರಿಕದ ಸಣ್ಣಕಥೆಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು ಫೋನಿನಲ್ಲಿ ರೆಕಾರ್ಡ್ ಮಾಡುವುದು ಅವರ ಹುಚ್ಚು. ಅವರ ಮನೆಯ ಸುತ್ತಲೂ ಮಗ್ಗ, ಕರೆಂಟಿದ್ದಾಗ ಮಾಡಲಾಗದು. ಕರೆಂಟು ಹೋದಾಗ ನಾವೂ ಖಾಲಿ ಕೂತಿರುತ್ತಿದ್ದೆವು.

ನಮ್ಮ ಮಾಲೀಕ ಅವರ ಹಳೆಯ ವಿದ್ಯಾರ್ಥಿ. ಸೀರೆ ಪೇರಿಸಿಡುವ ಕೋಣೆಯನ್ನು ಬಿಟ್ಟುಕೊಟ್ಟಿದ್ದ. ಸುತ್ತಲೂ ಸೀರೆಯ ಕಟ್ಟುಗಳಿದ್ದರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ ಎಂದು ಮೇಷ್ಟ್ರು ಕಂಡುಕೊಂಡಿದ್ದರು. ಗುರುಭಕ್ತಿ ಇದ್ದರೂ ಮಾಲೀಕ, ನಾವು ಒಳಗೆ ಹೋಗುವ ಮುಂಚೆ ಒಂದು ಸಲ, ಹೊರಗೆ ಬಂದ ಮೇಲೆ ಒಂದು ಸಲ ಸೀರೆ ಎಣಿಸುತ್ತಿದ್ದ. ಮೇಷ್ಟ್ರು ಅದನ್ನು ನೋಡಿಯೂ ನೋಡದ ಹಾಗೆ ಟವಲು ಹಾಸಿ ಅದರ ಮೇಲೆ ಫೋನಿಡುತ್ತಿದ್ದರು.

ಅಮೆರಿಕದ ಕಥೆ ನಮಗ್ಯಾಕೆ ಸಾರ್ ಎಂದು ಮೊದಲು ಕೇಳಿದವಳು ನಾನು. ಯಾವುದೋ ಮತಕ್ಕೆ ಸೇರಿಸಲು ಬಂದಿದ್ದಾರೋ, ಏನಾದರೂ ಮಾರಲು ಬಂದಿದ್ದಾರೋ ಎಂಬ ಗುಮಾನಿ. "ಅವ್ರೂ ನಮ್ಮಂಗೇ ಕಣಮ್ಮ. ಜೋಳ ಬೆಳೀತಿದ್ರು, ಹಂದಿ ಸಾಕ್ತಿದ್ರು, ಹೆಣ್ಮಕ್ಕಳು ಮಿಲ್ಲಲ್ಲಿ ನೂಲು ಸುತ್ತುತಿದ್ರು. ಸಿನಿಮಾದಲ್ಲಿ ನೋಡ್ತೀಯಲ್ಲ, ಆ ಅಮೆರಿಕ ಆಮೇಲೆ ಬಂದಿದ್ದು" ಅಂದರು. ನೂಲು ಸುತ್ತುವ ಹೆಂಗಸರು ಅಲ್ಲಿಯೂ ಇದ್ದರು ಅಂದದ್ದು ಮನಸ್ಸಿಗೆ ನಾಟಿತು, ಕೂತೆ.

ಮೊದಲ ಕಥೆಯನ್ನು ಕೇಳಿದರೆ ಈಗಲೂ ನಗು ಬರುತ್ತದೆ. ಪ್ರೀತಿಯ ಮಾತನ್ನೂ ನಾನು ಮಗ್ಗದ ಆಚೆಗಿರುವವರಿಗೆ ಕೂಗಿದ ಹಾಗೆ ಕೂಗಿದ್ದೆ. ಮೇಷ್ಟ್ರು ಬೈಯಲಿಲ್ಲ. ಪಕ್ಕದಲ್ಲಿ ಮಗು ಈಗ ತಾನೇ ನಿದ್ದೆ ಹೋಗಿದೆ ಅಂದುಕೊಂಡು ಹೇಳು ಎಂದರು. ಹಾಗೆ ಹೇಳಿದಾಗ ಬಂದ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಮೂವತ್ತೈದು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿತ್ತೋ ಏನೋ. ಆ ದಿನ ಮನೆಗೆ ಹೋಗಿ ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡಿ ನೋಡಿದೆ.

ಕಥೆ ಹೇಳುವುದು ಒಂದು ಸಲ, ಅದರ ಮೇಲೆ ಚರ್ಚೆ ಮುಂದಿನ ಸಲ. ಎರಡೂ ರೆಕಾರ್ಡ್ ಆಗಿ ಅವರ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು, ಅದು ನಮಗೆಲ್ಲ ಗೊತ್ತಿತ್ತು. ಒಂದು ಸಲ ಒಬ್ಬ ದೋಣಿಯವನ ಕಥೆ. ಜೊತೆಗಾರ ನದಿಗೆ ಬಿದ್ದ, ನಾನು ಎಷ್ಟು ಪ್ರಯತ್ನಪಟ್ಟರೂ ಉಳಿಸಲಾಗಲಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಸತ್ತವನ ಹೆಂಡತಿಯ ಪಾತ್ರ ನನ್ನದು. ನಾನಂತೂ ಆ ದೋಣಿಯವನಿಗಾಗಿ ಅತ್ತುಬಿಟ್ಟೆ. ಚರ್ಚೆಯ ದಿನ ಮೇಷ್ಟ್ರು ಮೆಲ್ಲಗೆ, ಈ ಕಥೆ ಹೇಳುತ್ತಿರುವವರು ಯಾರು, ಹೀಗೆ ಹೇಳಿದರೆ ಅವರಿಗೇನು ಲಾಭ ಎಂದು ಕೇಳಿದರು. ನನ್ನ ಜೊತೆ ಕಂಡಿಕೆ ಸುತ್ತುವ ಶಬಾನಾ ತಟ್ಟನೆ ಎದ್ದು ಕೂತಳು. ಚಂದ್ರನೇ ಇಲ್ಲದ ಕತ್ತಲು ಅಂತ ಅವನೇ ಹೇಳುತ್ತಾನೆ, ಹಾಗಿದ್ದರೆ ಮುಳುಗುವವನ ಮುಖ ಕಂಡೆ ಅಂತಾನಲ್ಲ, ಅದು ಹೇಗೆ ಕಾಣಿಸಿತು ಅಂದಳು. ಅವನೇ ತಳ್ಳಿರಬಹುದು ಎಂದು ನಮಗೆಲ್ಲ ಆಗ ಹೊಳೆಯಿತು. ಸೀರೆ ಎಣಿಸಲು ಬಂದ ಮಾಲೀಕ ಕೂಡ ಬಾಗಿಲಲ್ಲೇ ನಿಂತುಬಿಟ್ಟ. "ಕಥೆ ಎಷ್ಟು ಚೆನ್ನಾಗಿದ್ರೂ ಹೇಳೋರ ಕೈ ಕಡೆ ಒಂದು ಕಣ್ಣಿರ್ಲಿ" ಎಂದರು ಮೇಷ್ಟ್ರು. ಅನುಮಾನ ಕೆಟ್ಟ ಗುಣ ಅಂತ ಬೈಸಿಕೊಂಡೇ ಬೆಳೆದ ನನಗೆ, ಅದೂ ಒಂದು ವಿದ್ಯೆ ಎಂದು ಹೇಳಿದ ಮೊದಲ ಮನುಷ್ಯ ಅವರು.

ಆ ವಿದ್ಯೆಯನ್ನು ನಾನು ಅವರ ಮೇಲೇ ಪ್ರಯೋಗ ಮಾಡಿದೆ.

ಒಂದು ದಿನ ರೆಕಾರ್ಡ್ ಆದದ್ದನ್ನು ಕೇಳಿ ನೋಡು ಎಂದು ಫೋನು ನನ್ನ ಕೈಗೆ ಕೊಟ್ಟು, ಅವರು ಕೈ ತೊಳೆಯಲು ಹೊರಗೆ ಹೋದರು. ಅಷ್ಟರಲ್ಲಿ ಒಂದು ಮೆಸೇಜು ಬಂತು. ದನಿ ನಮಗೆ ಹಿಡಿಸಿದೆ, ಇನ್ನೆರಡು ಕಳಿಸಿ, ಮುಂದೆ ಅವರ ಗುರುತಿನ ಚೀಟಿಯೂ ಬೇಕಾಗುತ್ತದೆ ಎಂದಿತ್ತು. ಓದಬಾರದಿತ್ತು, ಓದಿದೆ. ಮೇಲೆ ಸರಿಸಿ ನೋಡಿದೆ. ಯಾವುದೋ ಗೊತ್ತಿಲ್ಲದ ನಂಬರಿಗೆ ಮೂರು ಕಥೆಗಳಲ್ಲಿ ನಾನು ಹೇಳಿದ ಭಾಗಗಳು ಹೋಗಿದ್ದವು. ಶಬಾನಾಳದ್ದಿಲ್ಲ, ಬೇರೆ ಯಾರದ್ದೂ ಇಲ್ಲ, ನನ್ನದು ಮಾತ್ರ. ಮೇಷ್ಟ್ರು ಒಳಗೆ ಬಂದಾಗ ಫೋನು ಟವಲಿನ ಮೇಲಿಟ್ಟು, ಚೆನ್ನಾಗಿದೆ ಸಾರ್ ಅಂದೆ.

ಮನೆಯವರಿಗೆ ಹೇಳಿದೆ. ಈಗ ಒಬ್ಬರ ದನಿ ಸಿಕ್ಕರೆ ಸಾಕಂತೆ, ಅದೇ ದನಿಯಲ್ಲಿ ಏನು ಬೇಕಾದರೂ ಮಾತಾಡಿಸುತ್ತಾರಂತೆ, ನಿನ್ನ ದನಿಯಲ್ಲಿ ನಿಮ್ಮಮ್ಮನಿಗೆ ಫೋನು ಮಾಡಿದರೂ ಗೊತ್ತಾಗಲ್ಲ ಎಂದು ಅವರು ಗೇಟಿನಲ್ಲಿ ಕೇಳಿದ್ದನ್ನೆಲ್ಲ ಸುರಿದರು. ಹುಟ್ಟಿದಾಗಿನಿಂದ ನನ್ನದು ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ತಾನೇ ಒಂದು ದನಿ ಸಿಕ್ಕಿತ್ತು. ಅದನ್ನು ಕೊಟ್ಟವರೇ ಕದ್ದರು ಅನ್ನಿಸಿದಾಗ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದಿನ ಸಲ ಕರೆಂಟು ಹೋಗಬೇಕಿದ್ದುದು ಹನ್ನೊಂದಕ್ಕೆ. ಮಗ್ಗಗಳು ಭರ್ಜರಿಯಾಗಿ ಓಡುತ್ತಿದ್ದವು. ಇನ್ನೂ ಇಪ್ಪತ್ತು ನಿಮಿಷವಿದೆ, ಮೇಷ್ಟ್ರು ಬಂದಿರುವುದಿಲ್ಲ ಅಂದುಕೊಂಡು ಶಬಾನಾಳ ಕಿವಿಗೆ ಬಾಯಿಟ್ಟು, ಶಕ್ತಿಯೆಲ್ಲ ಹಾಕಿ ಹೇಳತೊಡಗಿದೆ. ಹೇಳುತ್ತಿರುವಾಗಲೇ ಕರೆಂಟು ಹೋಯಿತು. ಒಂದೇ ಏಟಿಗೆ ಬೀದಿಯ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ನನ್ನ ಕಿರುಚಾಟ ಮಾತ್ರ ಉಳಿಯಿತು.

"ನನ್ ದನಿ ಕದ್ದು ಮಾರ್ಕೊತಾವ್ನೆ ಕಣೇ ಆ ಮುದ್ಕ. ಕಥೆ ಗಿಥೆ ಎಲ್ಲಾ ನಾಟ್ಕ, ಕಳ್ ನನ್ಮಗ."

ಮೇಷ್ಟ್ರು ಬಾಗಿಲಲ್ಲಿದ್ದರು. ಒಂದು ಚಪ್ಪಲಿ ಬಿಟ್ಟಾಗಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಎದುರು ಶೆಡ್ಡಿನವರೂ ಹೊರಗೆ ಬಂದು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಾನು ಬಾಯಿ ಮುಚ್ಚಲಿಲ್ಲ. ಹೇಗೂ ಮಾನ ಹೋಗಿದೆ, ಇನ್ನೇನು ಎಂದು ಮೆಸೇಜು ನೋಡಿದ್ದನ್ನು ಎಲ್ಲರೆದುರು ಹೇಳಿದೆ, ನಿಜವೋ ಸುಳ್ಳೋ ಹೇಳಿ ಅಂದೆ.

ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು ನೂಲಿನ ಡಬ್ಬದ ಮೇಲೆ ಕೂತರು. ಉಸಿರು ಸ್ವಲ್ಪ ಜೋರಾಗಿತ್ತು.

"ಕಳಿಸಿದ್ದು ನಿಜ. ಮಾರಿಲ್ಲ. ಬೆಂಗಳೂರಲ್ಲಿ ಪುಸ್ತಕಗಳನ್ನ ಓದಿಸಿ ಆಡಿಯೋ ಮಾಡೋರವ್ರೆ. ನಮ್ಮ ಕಡೆ ಮಾತು ಆಡೋ ಹೆಣ್ಣು ದನಿ ಹುಡುಕ್ತಿದ್ರು."

ನನ್ನನ್ನು ಯಾಕೆ ಕೇಳಲಿಲ್ಲ ಅಂದೆ.

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಅವ್ರು ಒಪ್ಪಿದ್ಮೇಲೆ ಹೇಳಾಣ ಅಂದ್ಕೊಂಡೆ. ತಪ್ಪಾಯ್ತು ಕಣಮ್ಮ. ದನಿ ನಿಂದು, ಕೇಳ್ಬೇಕಿತ್ತು."

ಮಾತು ಒಪ್ಪುವ ಹಾಗೆಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಅನುಮಾನವಾಯಿತು. ಎಲ್ಲ ಅಳಿಸಿ ಅಂದೆ. ಅವರು ಫೋನನ್ನೇ ನನ್ನ ಕೈಗೆ ಕೊಟ್ಟರು, ನೀನೇ ಅಳಿಸು ಎಂದು. ನನ್ನ ದನಿಯಿದ್ದ ಒಂದೊಂದು ಕಥೆಯನ್ನೂ ಹುಡುಕಿ ಹುಡುಕಿ ಅಳಿಸಿದೆ, ದೋಣಿಯವನ ಕಥೆಯನ್ನೂ. ಅವರು ತಡೆಯಲಿಲ್ಲ. ಕೊನೆಗೆ ಫೋನನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಅವತ್ತು ಕಥೆ ಹೇಳಿಸದೆ ಹೊರಟುಹೋದರು. ಮಾಲೀಕ ಆ ದಿನ ಸೀರೆ ಎಣಿಸಲಿಲ್ಲ.

ಆಮೇಲೆ ಎರಡು ಸಲ ಕರೆಂಟು ಹೋಯಿತು, ಅವರು ಬರಲಿಲ್ಲ. ನಾವು ಗೋಡೆಗೊರಗಿ ಕೂತಿದ್ದೆವು. ಶಬಾನಾ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ಸಲವೂ ಬರದಿದ್ದಾಗ ತಡೆಯಲಾಗದೆ, ತೂಬಗೆರೆ ರಸ್ತೆಯಲ್ಲಿದ್ದ ಅವರ ಮನೆಗೆ ಹೋದೆ. ಒಬ್ಬರೇ ಇದ್ದರು, ಅವರೆಕಾಯಿ ಸುಲಿಯುತ್ತಿದ್ದರು. ಅಂಥ ಮಾತಾಡಬಾರದಿತ್ತು ಸಾರ್ ಅಂತ ಶುರುಮಾಡಿದೆ. ಕೈ ಅಡ್ಡ ಮಾಡಿ ನಿಲ್ಲಿಸಿದರು. ಕ್ಷಮೆ ಕೇಳಲು ಬಿಡಲೇ ಇಲ್ಲ. ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಆ ನಂಬರು ಬರೆದುಕೊಟ್ಟರು.

"ನನ್ನ ಮಾತು ನಂಬ್ಬೇಡ. ನೀನೇ ಹೋಗು, ನೋಡು, ಏನೇನ್ ಕೇಳ್ಬೇಕೋ ಎಲ್ಲಾ ಕೇಳು. ಆಮೇಲೆ ಬೇಡ ಅನ್ಸಿದ್ರೆ ಬಿಡು" ಅಂದರು. ಬರುವಾಗ ಒಂದು ಸೇರು ಅವರೆಕಾಳು ಕೊಟ್ಟರು. ಅದರಲ್ಲಿ ಹುಳ ಇದೆಯೇನೋ ಎಂದು ದಾರಿಯಲ್ಲಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಮನೆಯವರನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ರೆಕಾರ್ಡಾದ ದನಿ ಎಲ್ಲಿಗೆ ಹೋಗುತ್ತದೆ, ಯಾರ ಹತ್ತಿರ ಇರುತ್ತದೆ, ನಾನು ಬೇಡ ಅಂದರೆ ಅಳಿಸುತ್ತೀರಾ, ನನ್ನ ದನಿಯಲ್ಲಿ ಮಿಷಿನ್ನು ಮಾತಾಡಿಸುತ್ತೀರಾ, ಎಲ್ಲ ಕೇಳಿದೆ. ಅಲ್ಲಿದ್ದ ಹುಡುಗಿ ಸುಸ್ತಾಗಿ ನೀರು ಕುಡಿದಳು. ಕರಾರಿನ ಒಂದೊಂದು ಸಾಲನ್ನೂ ಓದಿ, ಎರಡು ಸಾಲು ಹೊಡೆದುಹಾಕಿಸಿ ಸಹಿ ಮಾಡಿದೆ. ಇವತ್ತು ಅದೇ ನನ್ನ ಕೆಲಸ. ಕಂಡಿಕೆ ಸುತ್ತುವುದು ಬಿಟ್ಟು ಐದನೆಯ ವರ್ಷ. ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದಾಗ, ಎಷ್ಟು ಸಾಲು ಹೊಡೆದುಹಾಕಿಸಿದೆ ಎಂದಷ್ಟೇ ಕೇಳಿ ನಕ್ಕರು. ಆಮೇಲೆ ಅವರು ಮತ್ತೆ ಮಗ್ಗದ ಮನೆಗೆ ಹೋಗತೊಡಗಿದರೆಂದು ಗೊತ್ತಾಯಿತು. ಆ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಹೋಗಿ ಎದುರು ಕೂತು ಆ ಮಾತಿಗೆ ಕ್ಷಮೆ ಕೇಳಬೇಕು ಎಂದು ಪ್ರತಿ ಹಬ್ಬಕ್ಕೂ ಅಂದುಕೊಂಡೆ, ನಾಚಿಕೆಯಿಂದ ಮುಂದೂಡಿದೆ.

ಹೋದ ವರ್ಷ ಶಬಾನಾ ಫೋನು ಮಾಡಿದಳು. ಬೆಳಿಗ್ಗೆ ಪೇಪರು ಓದುತ್ತಾ ಕೂತವರು ಹಾಗೇ ಹೋಗಿಬಿಟ್ಟರಂತೆ. ನಾನು ಹೋದಾಗ ಹಜಾರದಲ್ಲಿ ಮಲಗಿಸಿದ್ದರು. ಹೊಸಕೋಟೆಯಿಂದ ಬಂದ ಮಗಳು ತಲೆಯ ಹತ್ತಿರ ಕೂತಿದ್ದರು. ಹೂವು ಇಟ್ಟು ಕಾಲು ಮುಟ್ಟಿ ಎದ್ದೆ. ಮಗಳು ನನ್ನನ್ನೇ ನೋಡುತ್ತಿದ್ದರು, ಇವಳು ಯಾರು, ಇಷ್ಟೊಂದು ಯಾಕೆ ಅಳುತ್ತಿದ್ದಾಳೆ ಎನ್ನುವ ನೋಟ. ಅಂಥ ನೋಟ ನನಗೆ ಹೊಸದಲ್ಲ, ನಾನೇ ಎಷ್ಟು ಜನರನ್ನು ಹಾಗೆ ನೋಡಿಲ್ಲ. ಮಗ್ಗದ ಮನೆಯಲ್ಲಿ ಸಾರ್ ಜೊತೆ ಕಥೆ ಹೇಳುತ್ತಿದ್ದೆ ಅಂದೆ.

"ಅಪ್ಪನ್ನ ಕಳ್ಳ ಅಂದೋರು ನೀವೇನಾ?"

ಸುತ್ತ ಕೂತವರೆಲ್ಲ ತಲೆಯೆತ್ತಿದರು. ಹೌದು ಅಂದೆ. ಇಷ್ಟು ವರ್ಷ ಹೇಳಬೇಕಾಗಿದ್ದ ಮಾತನ್ನು ಕೇಳಿಸಿಕೊಳ್ಳಬೇಕಾದವರು ಮಲಗಿದ್ದರು.

ಮಗಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. "ಮನೆಗೆ ಬಂದೋರಿಗೆಲ್ಲ ಹೇಳ್ತಿದ್ರು. ಅಷ್ಟ್ ವರ್ಷ ಪಾಠ ಮಾಡ್ದೆ, ಒಬ್ಳು ಸರ್ಯಾಗ್ ಕಲ್ತು ನನ್ನನ್ನೇ ಹಿಡ್ಕೊಂಡ್ಳು ನೋಡು ಅಂತ. ಹೇಳ್ವಾಗ ಎಷ್ಟ್ ಖುಷಿ ಗೊತ್ತಾ ಅವ್ರಿಗೆ" ಅಂದರು.

ನಾನು ಅಲ್ಲೇ ಕೂತು ಸಮಾಧಾನವಾಗುವಷ್ಟು ಅತ್ತೆ. ಮೇಷ್ಟ್ರು ನಿಜವಾಗಿ ಹಾಗೆ ಹೇಳುತ್ತಿದ್ದರೋ, ಅಳುತ್ತಿದ್ದ ಒಬ್ಬ ಹೆಂಗಸನ್ನು ಕಂಡು ಮಗಳು ಆ ಕ್ಷಣದಲ್ಲಿ ಕಟ್ಟಿ ಹೇಳಿದ್ದೋ ನನಗೆ ಗೊತ್ತಿಲ್ಲ. ಹೇಳಿದ್ದು ನಿಜವಾದರೆ ಅದನ್ನು ಅವರ ಬಾಯಿಂದಲೇ ಕೇಳಿಸಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇರುತ್ತಾರೆ, ಕೇಳಿದರೆ ತಿಳಿಯುತ್ತದೆ. ಇದೊಂದನ್ನು ಮಾತ್ರ ನಾನು ಯಾರನ್ನೂ ಕೇಳಿಲ್ಲ.