ತೊಟ್ಟಿಲಿಗೆ ಬರ್ರಿ, ಊಟಕ್ಕ ಬರ್ರಿ

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನನ್ನ ಗಂಡ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಹಳೇ ಬಾಗಲಕೋಟೆಯ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿ ಮೆಟ್ರಿಕ್ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆಗ ಅವರು ಆಡುತ್ತಿದ್ದಷ್ಟು ಮಾತನ್ನು ಉಳಿದ ಇಡೀ ದಿನದಲ್ಲಿ ನನ್ನೊಂದಿಗೆ ಆಡುತ್ತಿರಲಿಲ್ಲ. ಕೆಟ್ಟವರಲ್ಲ. ಮಕ್ಕಳಾಗಲಿಲ್ಲವೆಂದು ನನ್ನನ್ನು ಒಮ್ಮೆಯೂ ಚುಚ್ಚಲಿಲ್ಲ. ಎರಡನೆಯ ಮದುವೆಯ ಮಾತೆತ್ತಿದ ತಮ್ಮ ತಾಯಿಯನ್ನು ಸುಮ್ಮನಾಗಿಸಿದರು. ಶಿವ ಕೊಟ್ಟದ್ದನ್ನು ಎಣಿಸುವಾಗ ಇದನ್ನೇ ಮೊದಲು ಎಣಿಸುತ್ತೇನೆ. ಆದರೆ ಮಾತು ಕಡಿಮೆ. ಅದಕ್ಕೇ ರೊಟ್ಟಿ ಬಡಿಯುವುದನ್ನು ಪಾಠಕ್ಕೆ ಮುಂಚೆಯೇ ಮುಗಿಸಿ, ಅಡುಗೆಮನೆಯ ಹೊಸ್ತಿಲ ಬಳಿ ಕಾಳು ಆರಿಸುತ್ತಾ ಕೂಡುತ್ತಿದ್ದೆ. ರೊಟ್ಟಿಯ ಸಪ್ಪಳದಲ್ಲಿ ಅವರ ದನಿ ಕೇಳಿಸುತ್ತಿರಲಿಲ್ಲ.

ಒಂದು ಸಂಜೆ ಅವರು ‘ನ್ಯೂಆನ್ಸ್’ ಎಂಬ ಶಬ್ದ ಹೇಳಿಕೊಟ್ಟರು.

“ದೊಡ್ಡ ಫರಕಿಗೆ ಈ ಶಬ್ದ ಹಚ್ಚಬಾರದು. ಕರೇದು, ಬಿಳೇದು ಅಂದ್ರ ನ್ಯೂಆನ್ಸ್ ಅಲ್ಲ. ಬಿಳಿಯೊಳಗ ಇನ್ನೊಂದು ಬಿಳಿ ಇರತೈತಲ್ಲ, ಅದು. ಸ್ಲಿಮ್ ಅಂದ್ರೂ ತೆಳ್ಳಗ, ಸ್ಕಿನ್ನಿ ಅಂದ್ರೂ ತೆಳ್ಳಗ. ಒಂದು ಹೊಗಳಿದಂಗ, ಇನ್ನೊಂದು ಹಂಗಿಸಿದಂಗ.”

ಹುಡುಗಿಯೊಬ್ಬಳು, “ಸರ್, ನಮ್ಮಕ್ಕ ಯಾವದ್ರಿ?” ಎಂದಳು. ಎಲ್ಲರೂ ನಕ್ಕರು. ಇವರೂ ನಕ್ಕರು. ಆ ನಗು ನಮ್ಮ ಮನೆಯಲ್ಲಿ ಅಪರೂಪ.

ಅದೇ ವಾರ ಎದುರು ಮನೆಯ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದರು. ಹೆರಿಗೆಗೆ ಬಂದಿದ್ದ ಮಗಳಿಗೆ ಗಂಡುಕೂಸಾಗಿತ್ತು. ಮಾರನೆಯ ದಿನ ತೊಟ್ಟಿಲು. ನಾನು, ಪಕ್ಕದ ಮನೆಯಾಕೆ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ಮೊದಲು ಆಕೆಯ ಹಣೆಗೆ ಕುಂಕುಮ ಹಚ್ಚಿದರು.

“ನಾಳೆ ತೊಟ್ಟಿಲಿಗೆ ಬಾರವಾ. ಲಗೂನ ಬಾ, ಜೋಗುಳ ನೀನ ಹಾಡಬೇಕು.”

“ಹಾಡಾಕ ಕರೀತಿ, ಹೋಳಿಗಿ ಎಷ್ಟ ಹಾಕ್ತಿ ಮೊದಲ ಹೇಳ ಯವ್ವಾ!”

“ನಿನ್ನ ಹೊಟ್ಟಿ ಸುಡ್ಲಿ, ತಿನ್ನುವಷ್ಟು ತಿನ್ನ ಬಾ.”

ಆಮೇಲೆ ನನಗೆ ಹಚ್ಚಿದರು. ಬೆರಳು ಮೆತ್ತಗಿತ್ತು, ದನಿ ಇನ್ನೂ ಮೆತ್ತಗಾಯಿತು.

“ನಾಳೆ ಊಟಕ್ಕ ಬರ್ರಿ ಅಕ್ಕಾರ. ಮಾಸ್ತರನ್ನೂ ಕರಕೊಂಡ ಬರ್ರಿ. ಗಡಿಬಿಡಿ ಮಾಡಬ್ಯಾಡ್ರಿ, ಮಧ್ಯಾಹ್ನ ಬಂದ್ರೂ ನಡೀತೈತಿ.”

ತೊಟ್ಟಿಲು ಬೆಳಿಗ್ಗೆ. ಎರಡೂ ಕಡೆ ಹೆಂಗಸರು ನಿಂತು ಕೂಸನ್ನು ತೊಟ್ಟಿಲ ಕೆಳಗಿನಿಂದ ಕೊಡುತ್ತಾರೆ, ಮೇಲಿನಿಂದ ತೆಗೆದುಕೊಳ್ಳುತ್ತಾರೆ, ಹೆಸರಿಡುತ್ತಾರೆ. ಮಡಿಲು ತುಂಬದವಳು ಆ ಸಾಲಿನಲ್ಲಿ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟಕ್ಕೆ ಕರೆಯುತ್ತಾರೆ, ಅಷ್ಟೇ.

ಸಂಜೆ ಗಂಡನಿಗೆ ಹೇಳಿದೆ. “ಬಾಜೂಕಿನಾಕಿಗೆ ತೊಟ್ಟಿಲಿಗೆ ಬಾ ಅಂದ್ರು, ನನಗ ಊಟಕ್ಕ ಬರ್ರಿ ಅಂದ್ರು. ನೀವು ಹುಡುಗರಿಗೆ ಹೇಳಿದ ಶಬ್ದ ಇದಕ್ಕೂ ಹತ್ತತೈತೇನ್ರಿ?”

ಅವರು ಪೇಪರಿನಿಂದ ತಲೆ ಎತ್ತಿದರು. “ಎರಡಕ್ಕೂ ಅದ ಮನಿಗೇ ಹೋಗೂದಲ್ಲ? ಅದು ಬರೇ ವ್ಯಾಳ್ಯಾದ ಫರಕು.”

“ಹೌದ್ರಿ,” ಎಂದೆ.

ಆಮೇಲೆ ಪೇಪರು ಮಡಚಿಟ್ಟು ಅವರೇ, “ನಾ ಊಟಕ್ಕ ಬರೂದಿಲ್ಲ. ನಿನಗ ಹೋಗಬೇಕನಿಸಿದ್ರ ಹೋಗು,” ಎಂದರು. ಅರ್ಥವಾಗಿ ಹಾಗೆಂದರೋ, ಕೆಲಸವಿತ್ತೋ ನಾನು ಕೇಳಲಿಲ್ಲ. ಅರ್ಥವಾಗಿತ್ತು ಎಂದೇ ಇಟ್ಟುಕೊಂಡಿದ್ದೇನೆ.

ಹೋಗದಿದ್ದರೆ ಓಣಿಯಲ್ಲಿ ನನಗೆ ಉಳಿಯುವುದು ಬಾಗಿಲು ಮುಚ್ಚಿದ ಮನೆ. ಹೋದರೆ, ಎಲ್ಲಿ ನಿಲ್ಲಬೇಕೆಂದು ಅವರು ತೋರಿಸಿದಲ್ಲೇ ನಿಲ್ಲಬೇಕು. ಬೆಳಿಗ್ಗೆ ಜೋಗುಳ ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. ಮಾಡಲು ಕೆಲಸವಿರಲಿಲ್ಲ, ತೊಳೆದ ತಂಬಿಗೆಯನ್ನೇ ಮತ್ತೆ ತೊಳೆದೆ.

ಮಧ್ಯಾಹ್ನ, ಖಣದ ಬಟ್ಟೆಯಲ್ಲಿ ಕೂಸಿನ ತಲೆಗೆ ನಾನೇ ಹೊಲಿದ ಕುಂಚಿಗೆ ಹಿಡಿದು ಹೋದೆ. ಎಡೆಯ ಮುಂದೆ ಕೂಡಿಸಿ, ಅಜ್ಜಿ ತಾವೇ ತುಪ್ಪ ಬಡಿಸಿದರು. ಸಾಕೆಂದರೂ ನಿಲ್ಲಿಸಲಿಲ್ಲ.

ಪಕ್ಕದ ಮನೆಯಾಕೆ ಕೂಗಿದಳು. “ನಮಗ ಚಮಚಾ ತೋರಿಸಿ ಹೋದಿ, ಅಕ್ಕಾರಿಗೆ ಧಾರಿ ಹಿಡದಿ! ಭೇಷ್ ಐತಿ ಬಿಡ ಯವ್ವಾ ನಿನ್ನ ನ್ಯಾಯ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ತುಪ್ಪ ಯಾವುದರ ಬದಲಿಗೆ ಎಂದು ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಿಂದೆ. ರುಚಿಯಾಗಿತ್ತು; ಸುಳ್ಳು ಯಾಕೆ ಹೇಳಲಿ.

ಕುಂಚಿಗೆ ಕೊಡಲು ಒಳಕೋಣೆಗೆ ಹೋದೆ. ಬಾಣಂತಿಯ ಮುಂದೆ ತಾಟಿತ್ತು, ಕೂಸು ಅಳುತ್ತಿತ್ತು.

“ಅಕ್ಕಾರ, ಇದನ್ನ ಜರಾ ಹಿಡೀರಿ. ಎರಡ ತುತ್ತು ತಿಂತೇನಿ.”

ಕೂಸನ್ನು ಎತ್ತಿಕೊಳ್ಳಿ ಎನ್ನುವುದು ಬೇರೆ, ಜರಾ ಹಿಡಿಯಿರಿ ಎನ್ನುವುದು ಬೇರೆ. ಕೈಚೀಲವನ್ನೂ ಹಾಗೇ ಹಿಡಿಯಲು ಕೊಡುತ್ತಾರೆ. ಗೊತ್ತಿತ್ತು. ಹಿಡಿದೆ. ನನ್ನ ಕೊರಳಿನಲ್ಲಿ ಇಷ್ಟಲಿಂಗ ಕಟ್ಟಿದ್ದ ಶಿವದಾರ ಕೂಸಿನ ತುಟಿಗೆ ತಾಗಿತು, ಅದನ್ನೇ ಚೀಪತೊಡಗಿತು. ಅಳು ನಿಂತಿತು.

ಅಜ್ಜಿ ಬಾಗಿಲಲ್ಲಿ ಬಂದು ನಿಂತರು. ನನ್ನನ್ನು ನೋಡಿದರು, ಕೂಸನ್ನು ನೋಡಿದರು. “ಅಕ್ಕಾರಿಗೆ ತ್ರಾಸಾಗತೈತಿ. ಕೊಡ್ರಿ ಇತ್ತ,” ಎಂದು ಕೈ ಚಾಚಿದರು.

ನಾನು ಕೊಡಲು ಹೊರಟೆ. ಬಾಣಂತಿ ತಾಟಿನಿಂದ ತಲೆ ಎತ್ತಲಿಲ್ಲ. “ಇರ್ಲಿ ಬಿಡ ಯವ್ವಾ. ನನ್ನ ಊಟ ಇನ್ನಾ ಆಗಿಲ್ಲ. ನೀ ಒಂದಿಷ್ಟ ಅನ್ನಾ ತಾ.”

ಅಜ್ಜಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಅನ್ನ ತರಲು ಹೋದರು. ಎರಡು ತುತ್ತು ಎಂದಿದ್ದವಳು ನಿಧಾನವಾಗಿ ಅನ್ನ ಕಲಸಿದಳು, ಸಾರು ಕೇಳಿದಳು, ಬಿಸಿನೀರು ಕೇಳಿದಳು. ಅವಳು ಕೈ ತೊಳೆದ ಮೇಲೆ ಕೂಸನ್ನು ಕೊಟ್ಟು ಮನೆಗೆ ಬಂದೆ.

ಸಂಜೆ ಕೈಕಾಲು ತೊಳೆದು ಲಿಂಗಪೂಜೆಗೆ ಕೂತೆ. ಶಿವದಾರ ಒಂದು ಕಡೆ ಕೂಸಿನ ಜೊಲ್ಲು ಒಣಗಿ ಬಿರುಸಾಗಿತ್ತು. ನಮ್ಮವ್ವ ನೋಡಿದ್ದರೆ ಎಂಜಲಾಯಿತು, ಬದಲಿಸು ಎನ್ನುತ್ತಿದ್ದಳು. ಗೂಡಿನಲ್ಲಿ ಹೊಸ ದಾರವೂ ಇತ್ತು. ನಾನು ಏಳಲಿಲ್ಲ. ಅದೇ ದಾರದಲ್ಲಿ ಪೂಜೆ ಮುಗಿಸಿದೆ.